ನಿಕಿತಾಸನ ಪಾಲಿನ ದೋಣಿರೊಟ್ಟಿ

ನಮ್ಮ ಓಣಿಯಲ್ಲಿ ಸೆವಾಸ್ತಿಯಷ್ಟು ಹಟಮಾರಿ ಹೆಂಗಸು ಇನ್ನೊಬ್ಬಳಿಲ್ಲ. ನನ್ನನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಹೇಳುತ್ತಿದ್ದೇನೆ, ಹಾಗಾಗಿ ನಂಬಬಹುದು. ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವಳು ಸೀನಿದರೆ ನಾನು ಇಲ್ಲಿಂದಲೇ ‘ಆರೋಗ್ಯವಾಗಿರು’ ಅನ್ನುತ್ತೇನೆ.

ಅವಳ ಒಬ್ಬನೇ ಮಗ ನಿಕಿತಾಸ್ ಸರಕಿನ ಹಡಗಿನಲ್ಲಿ ಕೆಲಸಕ್ಕಿದ್ದ. ಮದುವೆಯಾದ ವರ್ಷವೇ ಆ ಹಡಗು ಬಿರುಗಾಳಿಗೆ ಮುಳುಗಿತು. ಕೆಲವರ ಹೆಣ ಸಿಕ್ಕಿತು, ಅವನದು ಸಿಗಲಿಲ್ಲ. ಸಿಗಲಿಲ್ಲ ಅನ್ನುವುದನ್ನೇ ಸೆವಾಸ್ತಿ ಗಟ್ಟಿಯಾಗಿ ಹಿಡಿದುಕೊಂಡಳು. ಸಾವಿನ ಶೋಕಕ್ಕೆ ಉಡುವ ಕಪ್ಪು ಉಡಲಿಲ್ಲ. ಸಾವಾದ ಮನೆಯಲ್ಲಿ ಈಸ್ಟರ್ ಹಬ್ಬಕ್ಕೆ ಒಲೆ ಹಚ್ಚುವಂತಿಲ್ಲ, ನೆರೆಯವರೇ ಹಬ್ಬದ ರೊಟ್ಟಿ ತಂದುಕೊಡಬೇಕು. ಇವಳೋ, ಪ್ರತಿ ವರ್ಷವೂ ಎಲ್ಲರಿಗಿಂತ ಮೊದಲು ಅಂಗಳದ ಮಣ್ಣಿನ ಒಲೆಗೆ ಬೆಂಕಿ ಹಾಕುವಳು. ನಡುವೆ ಕೆಂಪು ಮೊಟ್ಟೆ ಕೂರಿಸಿ, ಮಗನ ಹೆಸರಲ್ಲಿ ದೋಣಿಯಂಥ ರೊಟ್ಟಿಯೊಂದನ್ನು ಸುಟ್ಟು ಒಳಕೋಣೆಯ ಮೊಳೆಗೆ ನೇತುಹಾಕುವಳು. ಮರುವರ್ಷ ಹೊಸದು ಬಂದ ಮೇಲೆ ಹಳೆಯದು ಕೋಳಿಗಳಿಗೆ.

ಇವಳ ಹಟ ಇವಳಿಗೇ ಇದ್ದಿದ್ದರೆ ನಾನು ಬಾಯಿ ಹಾಕುತ್ತಿರಲಿಲ್ಲ. ಮನೆಯಲ್ಲಿ ಸೊಸೆ ಕಲಿತ್ಸಾ ಇದ್ದಳಲ್ಲ! ಅತ್ತೆಯೇ ಕಪ್ಪು ಉಡದ ಮೇಲೆ ಸೊಸೆ ಹೇಗೆ ಉಟ್ಟಾಳು? ವಿಧವೆ ಅನ್ನಿಸಿಕೊಳ್ಳದೆ ಇನ್ನೊಂದು ಮದುವೆ ಹೇಗಾದೀತು? ಈಸ್ಟರ್ ಭಾನುವಾರ ಕಳೆದು ಬರುವ ಹಬ್ಬದ ಮಂಗಳವಾರ ಚೌಕದಲ್ಲಿ ಎಲ್ಲರೂ ಕೈಕೈ ಹಿಡಿದು ಕುಣಿಯುವಾಗ ಅವಳು ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು.

ಹೋದ ವರ್ಷ ಹಬ್ಬದ ಮುಂಚಿನ ಉಪವಾಸದ ದಿನಗಳಲ್ಲಿ ಬೂಟು ಹೊಲಿಯುವ ಮಿನಾಸ್ ಧೈರ್ಯ ಮಾಡಿ ಸೆವಾಸ್ತಿಯ ಮನೆಗೆ ಬಂದ. ಒಳ್ಳೆಯ ಹುಡುಗ, ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುವವನು.

“ಅಮ್ಮಾ, ಕಲಿತ್ಸಾನ ನಂಗೆ ಕೊಡ್ತೀರಾ?”

“ಗಂಡ ಇರೋ ಹೆಂಗಸನ್ನ ಕೇಳೋಕೆ ಬಂದಿದೀಯಲ್ಲೋ! ಚರ್ಮ ಹೊಲಿದೂ ಹೊಲಿದೂ ನಿನ್ನ ಮುಖದ ಚರ್ಮನೂ ದಪ್ಪ ಆಯ್ತಾ? ನಡಿ ಆಚೆ!”

ಕಲಿತ್ಸಾ ಅಲ್ಲೇ ಬೇಳೆ ಆರಿಸುತ್ತಿದ್ದಳಂತೆ. ತಲೆ ಎತ್ತಲಿಲ್ಲ, ತುಟಿ ಬಿಚ್ಚಲಿಲ್ಲ. ಪಾಪ, ಆಸೆ ಇದ್ದರೂ ಬಾಯಿಲ್ಲ ಎಂದುಕೊಂಡೆವು ನಾವೆಲ್ಲ. ನಾನಂತೂ ಸೆರಗು ಬಿಗಿದು ಜಗಳಕ್ಕೇ ಹೋದೆ.

“ಸೆವಾಸ್ತಿ, ನಿನ್ ಮಗನ್ನ ಕಾಯೋಕೆ ನೀನೊಬ್ಳು ಸಾಲ್ದಾ? ಆ ಹುಡುಗಿ ಕೂದಲು ಬೆಳ್ಳಗಾಗೋವರ್ಗೂ ಕೂರಿಸ್ಕೊಂಡಿರ್ತೀಯಾ?”

“ನಿನ್ ಗಂಡ ಮಗ್ಗುಲಲ್ಲೇ ಗೊರಕೆ ಹೊಡೀತಾನೆ ಫೂಲಾ. ನೀನು ಮಾತಾಡ್ಬೇಡ.”

ನಾನು ಮನೆಗೆ ವಾಪಸು ಬಂದೆ. ಆದರೆ ನನ್ನ ಮಾತು ಅವಳಿಗೆ ನಾಟಿತ್ತು.

ರೊಟ್ಟಿ ಸುಡುವ ದಿನ ಓಣಿಯ ಎಲ್ಲ ಅಂಗಳದಲ್ಲೂ ಹೊಗೆ ಎದ್ದಿತು, ಸೆವಾಸ್ತಿಯದರಲ್ಲಿ ಏಳಲಿಲ್ಲ. ಹುಷಾರಿಲ್ಲವೇನೋ ಎಂದು ಓಡಿದೆ. ಕಲಿತ್ಸಾ ನಾದಿಟ್ಟ ಹಿಟ್ಟಿನ ಮುಂದೆ ಕಂಗಾಲಾಗಿ ಕೂತಿದ್ದಳು. ಸೆವಾಸ್ತಿ ಅಡಿಯಿಂದ ಮುಡಿಯವರೆಗೆ ಕಪ್ಪು ಉಟ್ಟಿದ್ದಳು.

“ಈ ಹಿಟ್ಟು ನೀನು ತಗೊಂಡ್ಹೋಗು ಫೂಲಾ. ಸಾವಾದ ಮನೇಲಿ ಒಲೆ ಹಚ್ಚಬಾರ್ದು.”

“ಯಾವ ಸಾವು ಅತ್ತೆ?” ಎಂದಳು ಕಲಿತ್ಸಾ. ಸೆವಾಸ್ತಿ ಹಿಟ್ಟಿನ ಪಾತ್ರೆಯನ್ನು ನನ್ನ ಕಡೆಗೆ ತಳ್ಳಿದಳು.

ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ. ಹೆಂಗಸರು ಒಬ್ಬೊಬ್ಬರಾಗಿ ರೊಟ್ಟಿ ಹಿಡಿದು ಬಂದರು. “ದೇವರು ಅವನ ಆತ್ಮಕ್ಕೆ ಶಾಂತಿ ಕೊಡ್ಲಿ” ಅನ್ನುವರು, ಸೆವಾಸ್ತಿ ಎರಡೂ ಕೈ ಚಾಚಿ ತೆಗೆದುಕೊಳ್ಳುವಳು. ಪ್ರತಿ ರೊಟ್ಟಿಗೂ ಅವಳು ಇನ್ನಷ್ಟು ಕುಗ್ಗುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ರೊಟ್ಟಿ ತಂದವಳು ಮಿನಾಸನ ತಾಯಿ. ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ.

ಹಬ್ಬದ ಮಂಗಳವಾರ ದೇವರ ಪಟಗಳನ್ನು ಹೊತ್ತು ಸ್ಮಶಾನಕ್ಕೆ ಹೋದೆವು. ಅಲ್ಲಿ ಪ್ರತಿ ಸಮಾಧಿಯ ಮೇಲೂ ಮನೆಯವರು ತಿನಿಸು ಇಟ್ಟು ಸತ್ತವರ ಹೆಸರು ಹೇಳಬೇಕು. ಪಾದ್ರಿಗಳು ಪ್ರಾರ್ಥನೆ ಮುಗಿಸಿ ತಿನಿಸನ್ನು ಮುರಿದು ಹಂಚುತ್ತಾರೆ. ನಿಕಿತಾಸನಿಗೆ ಸಮಾಧಿಯೆಲ್ಲಿ? ಸೆವಾಸ್ತಿ ಮೂಲೆಯ ಗೋಡೆಕಲ್ಲಿನ ಮೇಲೆ ಮೊಳೆಯಿಂದ ಇಳಿಸಿ ತಂದ ದೋಣಿರೊಟ್ಟಿಯನ್ನು ಇಟ್ಟಳು.

“ಹೆಸರು ಹೇಳಮ್ಮಾ” ಎಂದರು ಪಾದ್ರಿಗಳು.

ಸೆವಾಸ್ತಿ, ಹಿಂದೆ ಓಣಿಯಿಂದ ಅವನನ್ನು ಊಟಕ್ಕೆ ಕೂಗುತ್ತಿದ್ದಳಲ್ಲ, ಅದೇ ರಾಗದಲ್ಲಿ “ನಿಕಿತಾಸ್!” ಎಂದು ಕೂಗಿದಳು.

ಪ್ರಾರ್ಥನೆ ಮುಗಿದ ಮೇಲೆ ಮುದುಕಿಯೊಬ್ಬಳು ಕಲಿತ್ಸಾಳಿಗೆ ಕಟ್ಟಲೆಂದು ಕಪ್ಪು ತಲೆವಸ್ತ್ರ ತೆಗೆದಳು. ಸೆವಾಸ್ತಿ ಅದನ್ನು ಕಸಿದು, ಆಗಲೇ ಇದ್ದ ಕಪ್ಪಿನ ಮೇಲೆ ತಾನೇ ಕಟ್ಟಿಕೊಂಡಳು.

“ಇವಳ ಪಾಲಿಂದೂ ನಂಗೇ ಇರ್ಲಿ. ಇವಳು ಇವತ್ತು ಕುಣೀಲಿ.”

ಅತ್ತೆವು, ಎಲ್ಲರೂ ಅತ್ತೆವು. ಗೇಟಿನ ಹತ್ತಿರ ಟೋಪಿ ತೆಗೆದು ನಿಂತಿದ್ದ ಮಿನಾಸನೂ ಅತ್ತ. ಪಾದ್ರಿಗಳು ಮುರಿಯಲೆಂದು ರೊಟ್ಟಿಗೆ ಕೈ ಹಾಕಿದರು.

“ಮುಟ್ಬೇಡಿ!”

ಕಲಿತ್ಸಾ ರೊಟ್ಟಿಯನ್ನು ಕಿತ್ತು ಎದೆಗೆ ಅವಚಿಕೊಂಡಿದ್ದಳು. “ಕುಣೀಬೇಕು ಅಂತ ನಾನು ಯಾವಾಗ ಕೇಳ್ದೆ ಅತ್ತೆ? ಬರ್ತಾರೆ, ಬರ್ತಾರೆ ಅಂತ ನೀವೇ ಹೇಳ್ತಿದ್ರಿ. ಈಗ ನೀವೇ ಹೂತುಬಿಟ್ರಾ?”

“ನಿಂಗೋಸ್ಕರ ಕಣೇ...”

“ನನ್ನ ಒಂದು ಮಾತು ಕೇಳಿದ್ರಾ?”

ಯಾರೂ ಕೇಳಿರಲಿಲ್ಲ. ಊರೆಲ್ಲ ಅವಳಿಗೋಸ್ಕರ ಮರುಗಿತ್ತು, ಮಿನಾಸನನ್ನು ಗೊತ್ತು ಮಾಡಿಟ್ಟಿತ್ತು, ಅವಳನ್ನು ಮಾತ್ರ ಕೇಳಿರಲಿಲ್ಲ. ರೊಟ್ಟಿ ಮತ್ತೆ ಮೊಳೆಗೆ ಹೋಯಿತು. ಅಂದಿನಿಂದ ಅತ್ತೆ ಸೊಸೆಯರು ಒಂದೇ ಮೇಜಿನಲ್ಲಿ ಉಣ್ಣುತ್ತಾರೆ, ಮಾತಿಲ್ಲ. ಗೋಡೆಯ ಈಚೆಗೆ ನನಗೆ ಚಮಚದ ಸದ್ದಷ್ಟೇ ಕೇಳುತ್ತದೆ.

ಈ ವರ್ಷ ರೊಟ್ಟಿ ಸುಡುವ ದಿನ, ಪದ್ಧತಿಯಂತೆ ಸಾವಾದ ಮನೆಗೆಂದು ಬಿಸಿ ರೊಟ್ಟಿ ಹಿಡಿದು ಹೊರಟೆ. ಅವರ ಅಂಗಳದಿಂದ ಹೊಗೆ ಏಳುತ್ತಿತ್ತು. ಕಲಿತ್ಸಾ ಒಲೆಯ ಮುಂದೆ ಕೂತು ಹಿಟ್ಟನ್ನು ದೋಣಿಯಂತೆ ತಿದ್ದುತ್ತಿದ್ದಳು. ಹೊಸ್ತಿಲ ಮೇಲೆ ಸೆವಾಸ್ತಿ, ತಲೆಗೆ ಎರಡು ಕಪ್ಪು ವಸ್ತ್ರ ಕಟ್ಟಿಕೊಂಡು, ನನ್ನನ್ನು ಕಂಡು ಎರಡೂ ಕೈ ಚಾಚಿದಳು. ಕೊಟ್ಟರೆ ಕಲಿತ್ಸಾಳ ಗಂಡನನ್ನು ನಾನೇ ಕೊಂದಂತೆ. ಕೊಡದಿದ್ದರೆ ಒಬ್ಬ ತಾಯಿಯ ದುಃಖವನ್ನು ಸುಳ್ಳು ಅಂದಂತೆ. ಓಣಿಯಲ್ಲಿ ನಿಂತೇ ಇದ್ದೆ. ರೊಟ್ಟಿ ಕೈಯಲ್ಲೇ ತಣ್ಣಗಾಯಿತು.