ಕಾಲೇಜಿನ ಕಪಾಟಿನಲ್ಲಿ ನನ್ನ ಜಾತಕ

ನಮ್ಮ ಕಾಲೇಜಿನ ಚರಿತ್ರೆಯ ಪುಸ್ತಿಕೆಯಲ್ಲಿ ಒಂದು ವಾಕ್ಯವಿದೆ: ಗ್ರಂಥಾಲಯದ ಸಮೃದ್ಧಿಯನ್ನು ಮೆಚ್ಚಿ ವಿಶ್ವವಿದ್ಯಾಲಯವು ಬಿ.ಎ. ತರಗತಿಗೆ ಅನುಮತಿ ನೀಡಿತು. ವಿಶ್ವವಿದ್ಯಾಲಯದವರ ತಪಾಸಣೆಯ ದಿನ ನಾನು ಆ ಗ್ರಂಥಾಲಯದಲ್ಲೇ ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ಆ ವಾಕ್ಯಕ್ಕೊಂದು ತಿದ್ದುಪಡಿ ಬೇಕು.

ಅರವತ್ತರ ದಶಕ. ಕುಂದಾಪುರಕ್ಕೂ ಬ್ರಹ್ಮಾವರಕ್ಕೂ ನಡುವೆ ಇಗರ್ಜಿಯವರು ಕಟ್ಟಿದ ಚಿಕ್ಕ ಕಾಲೇಜಿನಲ್ಲಿ ಆಗ ಪಿ.ಯು.ಸಿ. ಮಾತ್ರ. ನಾನು ಅದನ್ನು ಮುಗಿಸಿದ್ದೆ. ಅಪ್ಪಯ್ಯನ ತೀರ್ಪು ಸ್ಪಷ್ಟವಿತ್ತು: "ಇಲ್ಲೇ ಡಿಗ್ರಿ ಬಂದ್ರೆ ಓದ್. ಮಂಗ್ಳೂರ್ ಹಾಸ್ಟೆಲ್ಲಿಗೆ ಕಳ್ಸುದಿಲ್ಲೆ." ಬೊಂಬಾಯಿಯಲ್ಲಿ ಹೋಟೆಲ್ ಇಟ್ಟವರ ಕಡೆಯಿಂದ ಸಂಬಂಧವೂ ಬಂದಿತ್ತು. ಜಾತಕ ಕೇಳಿದ್ದರು.

ಡಿಗ್ರಿಗೆ ಕಟ್ಟಡವಿತ್ತು, ಅಧ್ಯಾಪಕರಿದ್ದರು, ಪುಸ್ತಕಗಳಿರಲಿಲ್ಲ. ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಮಾಸ್ಟ್ರು, ಮದುವೆಗೆ ಪಾತ್ರೆ ಕೇಳಿ ತರುವಂತೆ ತಪಾಸಣೆ ಮುಗಿಯುವವರೆಗೆ ಎಂದು ಮನೆಮನೆ ಸುತ್ತಿ ಪುಸ್ತಕ ಎರವಲು ತಂದರು. ವಕೀಲರ ಹಳೆಯ ಕಾನೂನು, ಡಾಕ್ಟರರ ಹೆರಿಗೆಶಾಸ್ತ್ರ, ಯಾರದೋ ಪಂಚಾಂಗದ ಕಟ್ಟು. ಕೋಟೇಶ್ವರದ ನಮ್ಮ ಮನೆಗೂ ಬಂದರು.

"ದಪ್ಪದ್ದ್ ಇದ್ರೆ ಕೊಡಿ ಹ್ವಾಯ್. ಒಳಗೆ ಎಂತ ಇದ್ರೂ ಅಡ್ಡಿಲ್ಲೆ."

ಅಪ್ಪಯ್ಯ ಇಂಗ್ಲಿಷ್ ನಿಘಂಟು ಕೊಟ್ಟರು. ಮನೆಯ ಕಾಗದಪತ್ರ ಇಡುತ್ತಿದ್ದುದು ಅದರಲ್ಲೇ. ಎಲ್ಲ ತೆಗೆದೆನೆಂದು ಅವರ ನಂಬಿಕೆ.

ಪ್ರಿನ್ಸಿಪಾಲರಾಗಿದ್ದ ಫಾದರ್ ಇದನ್ನು ತಡೆಯಲೂ ಇಲ್ಲ, ಮೆಚ್ಚಲೂ ಇಲ್ಲ. "ಬಂದವರು ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ" ಎಂದರಷ್ಟೆ.

"ಅವ್ರ್ ಕೇಳುದಿಲ್ಲೆ ಫಾದರ್" ಎಂದು ಮಾಸ್ಟ್ರು ಸಮಾಧಾನ ಹೇಳಿದರು.

ತಪಾಸಣೆಗೆ ಇಬ್ಬರು ಬಂದರು. ಕಾಫಿ ಕೊಡಲು ಮಾಸ್ಟ್ರು ನನ್ನನ್ನು ಕರೆಸಿದ್ದರು. ಹಿರಿಯರು ನೇರ ನಮ್ಮ ನಿಘಂಟಿಗೇ ಕೈ ಹಾಕಿದರು. ಮೂಲೆಗೆ ಅರಿಸಿನ ಹಚ್ಚಿದ ಕಾಗದವೊಂದು ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡು ಬಿಡಿಸಿ ಓದಿದರು.

"ಇದಕ್ಕೂ ನಂಬರು ಕೊಟ್ಟಿದ್ದೀರಾ ಫಾದರ್?"

"ಇಲ್ಲ. ಆ ಪುಸ್ತಕವೂ ನಮ್ಮದಲ್ಲ. ನಮ್ಮದು ಅಗೋ, ಆ ಎರಡು ಕಪಾಟು. ಉಳಿದದ್ದೆಲ್ಲ ಊರಿನವರದು."

ಮಾಸ್ಟ್ರು ಕಣ್ಣು ಮುಚ್ಚಿಕೊಂಡರು.

"ಈ ಜಾತಕ ಯಾರದು?"

"ನನ್ನದು ಸಾರ್" ಎಂದೆ.

"ನೀವು ಬಿ.ಎ. ಸೇರುವವರೋ?"

"ನೀವು ಕೊಟ್ಟರೆ ಸೇರುತ್ತೇನೆ. ಇಲ್ಲದಿದ್ದರೆ ಅದು ಬೊಂಬಾಯಿಗೆ ಹೋಗುತ್ತದೆ."

ಅವರು ನಗಲಿಲ್ಲ. ಕಾಗದ ಮಡಚಿ, ನಿಘಂಟಿನಲ್ಲಿಡದೆ ನನ್ನ ಕೈಗೇ ಕೊಟ್ಟರು. ಕಾಫಿ ಕುಡಿಯುತ್ತ ಜೊತೆಯವರಿಗೆ, "ಇಷ್ಟು ಜನ ಪುಸ್ತಕ ಕೊಟ್ಟ ಊರು ಮಕ್ಕಳನ್ನೂ ಕೊಟ್ಟೀತು, ಅಲ್ಲವೇ?" ಎಂದರು. ಕೆಲವು ವಾರಗಳ ನಂತರ ಪತ್ರ ಬಂತು: ಅನುಮತಿ ಕೊಟ್ಟಿದೆ, ಒಂದು ವರ್ಷದೊಳಗೆ ಕಾಲೇಜು ಸ್ವಂತ ಪುಸ್ತಕ ಕೊಳ್ಳತಕ್ಕದ್ದು.

ಜಾತಕವನ್ನು ನಾನು ಅಂದೇ ಕಾಲೇಜಿನ ಸ್ವಂತ ಕಪಾಟಿನ ಒಂದು ಲ್ಯಾಟಿನ್ ಗ್ರಂಥದೊಳಗೆ ಇಟ್ಟಿದ್ದೆ. ಆ ಭಾಷೆ ಓದಬಲ್ಲವರು ಫಾದರ್ ಒಬ್ಬರೇ. ಮನೆಗೆ ಮರಳಿದ ನಿಘಂಟನ್ನು ಅಪ್ಪಯ್ಯ ಎರಡು ಸಲ ಕೊಡವಿದರು. ಬೊಂಬಾಯಿಯವರು ಕಾದು, ಬೇರೆ ಕಡೆ ನೋಡಿದರು.

ಬಿ.ಎ. ಫಲಿತಾಂಶ ಬಂದ ದಿನ ಜಾತಕ ತಂದು ಅಪ್ಪಯ್ಯನ ಮುಂದಿಟ್ಟೆ. ಅಪ್ಪಯ್ಯ ಕನ್ನಡಕ ಏರಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಲ್ಲಿತ್ತ್ ಹೆಣ್ಣೇ ಇದ್?"

"ಫಾದರ್ ಹತ್ರ."

ಅಪ್ಪಯ್ಯ ಅದನ್ನು ಮಡಚಿದರು. "ಅವ್ರಿಗೂ ನಿನ್ ಜಾತ್ಕ ಕೂಡಿ ಬರ್ಲಿಲ್ಯಾ?" ಎಂದು ಕೇಳಿ, ಅದನ್ನು ನಿಘಂಟಿನೊಳಗೆ ಇಟ್ಟರು.