ಚಿಕ್ಕರಂಗಯ್ಯ ಜೂನ್ ಎಂದು ಸಾರಿದರು

ಊರ್ಡಿಗೆರೆ ಬಳಿಯ ಹಳ್ಳಿಯೊಂದರ ಹಾಲಿನ ಡೇರಿ ಮುಂದೆ ಇನ್ನೂ ನಸುಗತ್ತಲು. ಕ್ಯಾನುಗಳ ಸದ್ದಿನ ನಡುವೆ ಚಿಕ್ಕರಂಗಯ್ಯ ತಮಟೆಗೆ ಎರಡು ಪೆಟ್ಟು ಕೊಡುತ್ತಾರೆ. "ಕೇಳ್ರಪ್ಪೋ ಕೇಳಿ! ದನಕರಕ್ಕೆ ಕಾಲುಬಾಯಿ ಜ್ವರದ ಸೂಜಿ! ಜೂನ್ ತಿಂಗಳು ಇಪ್ಪತ್ತೆರಡು, ಸೋಮವಾರ, ಡೇರಿ ಮುಂದೆ!"

ಹಾಲು ತಂದ ದೊಡ್ಡರಂಗಯ್ಯ ನಗುತ್ತಾರೆ. "ಏನ್ಲಾ, ಇಂಗ್ಲೀಷಲ್ಲಿ ಸಾರಾಕೆ ಶುರು ಮಾಡ್ದಾ?"

"ಇನ್ನೊಂದ್ವರ್ಷ ತಡಿ, ತಮಟೆನೂ ಇಂಗ್ಲೀಷಲ್ಲೇ ಬಡೀತೀನಿ ಬುಡಣ್ಣ."

ಅರವತ್ತು ದಾಟಿದ ಚಿಕ್ಕರಂಗಯ್ಯ ಸುತ್ತಲಿನ ಏಳು ಹಳ್ಳಿಗಳಿಗೆ ಸಾರುವವರು. ಪಶು ಆಸ್ಪತ್ರೆ ಕೊಟ್ಟಿರುವ ಕೈಮೈಕು ಹೆಗಲಲ್ಲಿ ತೂಗುತ್ತಿದ್ದರೂ ಮೊದಲ ಪೆಟ್ಟು ತಮಟೆಗೇ. ತಂದೆಯಿಂದ ಬಂದ ತಮಟೆ ಅದು. ತಿಂಗಳ ಹೆಸರು ಮಾತ್ರ ತಂದೆಯಿಂದ ಬಂದದ್ದಲ್ಲ.

"ನಮ್ಮಪ್ಪ ಮಳೆ ಹೆಸರಲ್ಲೇ ಸಾರ್ತಿದ್ದ. ರೋಹಿಣಿ ಮಳೆ, ಆರಿದ್ರೆ ಮಳೆ ಅಂದ್ರೆ ಸಾಕು, ಹೊಲದಾಗಿದ್ದೋರೂ ತಿರುಗಿ ನೋಡೋರು. ಈಗ ಆರಿದ್ರೆ ಅಂದ್ರೆ ಯಾರ ಮನೆ ಹುಡುಗಿ ಅಂತಾರೆ" ಎನ್ನುತ್ತಾರೆ. ಆ ಹೊಲಗಳಲ್ಲಿ ದುಡಿದವರ ಮಕ್ಕಳು ಈಗ ವಸಂತನರಸಾಪುರದ ಕಾರ್ಖಾನೆಗಳ ಪಾಳಿಗೆ ಹೋಗುತ್ತಾರೆ. ಮಳೆಯ ಹೆಸರು ತಿಳಿಯದವರು ಹೆಚ್ಚಾದಂತೆ ಚಿಕ್ಕರಂಗಯ್ಯ ಆಷಾಢ, ಶ್ರಾವಣ ಎಂಬ ಮಾಸದ ಹೆಸರಿಗೆ ಬಂದರು. ಎಡವಿದ್ದು ಅಲ್ಲೇ.

2023ರಲ್ಲಿ ಪಶುವೈದ್ಯೆ ಸುಮನಾ ಅವರು ಆಗಸ್ಟ್ ಕೊನೆಯ ಸೋಮವಾರ ಲಸಿಕೆ ಎಂದು ಮುಂಚಿತವಾಗಿ ತಿಳಿಸಿದ್ದರು. ಇಂಗ್ಲಿಷ್ ತಿಂಗಳು ಬಾಯಿಗೆ ಒಗ್ಗದ ಚಿಕ್ಕರಂಗಯ್ಯ ಅದನ್ನು "ಶ್ರಾವಣದ ಎರಡನೇ ಸೋಮವಾರ" ಎಂದು ಸಾರಿದರು. ಆ ವರ್ಷ ಅಧಿಕ ಮಾಸ ಬಂದು ಶ್ರಾವಣ ಎರಡಾಗಿತ್ತು. ಪಂಚಾಂಗ ನೋಡುವ ಮನೆಗಳವರು ನಿಜ ಶ್ರಾವಣಕ್ಕೆ ಕಾದರು. ಉಳಿದವರು ಅಧಿಕ ಶ್ರಾವಣದಲ್ಲೇ ದನ ಹೊಡೆದುಕೊಂಡು ಬಂದು, ಯಾರೂ ಇಲ್ಲದ ಡೇರಿ ನೋಡಿ ಬೈದುಕೊಂಡು ಮರಳಿದರು. ಲಸಿಕೆಯ ಮುನ್ನಾದಿನ ಮತ್ತೆ ಸಾರಿದಾಗ ಅವರಲ್ಲಿ ಹಲವರು ನಂಬಲಿಲ್ಲ.

ನಂಬದವರಲ್ಲಿ ಓಬಳಮ್ಮನೂ ಒಬ್ಬರು. ಆ ಚಳಿಗಾಲದಲ್ಲಿ ಊರಿಗೆ ಕಾಲುಬಾಯಿ ಜ್ವರ ಬಂದು ಅವರ ಕರು ಸತ್ತಿತು. ಅಂದಿನಿಂದ ತಮಟೆ ಸದ್ದು ಕೇಳಿದರೆ ಓಬಳಮ್ಮ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ.

"ಎರಡಾಗದ ತಿಂಗಳು ಬೇಕು ಅಂದ್ರೆ ಇಂಗ್ಲಿಷ್ ಹೆಸರೇ ಹೇಳಿ ಅಂದೆ" ಎಂದು ಸುಮನಾ ನೆನೆಯುತ್ತಾರೆ. ಕಲಿಕೆ ಸುಲಭವಾಗಲಿಲ್ಲ. ಚಿಕ್ಕರಂಗಯ್ಯ ಗುಬ್ಬಿ ಸಂತೆಯ ಬಸ್ಸಿನಲ್ಲಿ ಕೂತು ತಿಂಗಳ ಹೆಸರುಗಳನ್ನು ಗೊಣಗಿಕೊಂಡರು. ಒಲೆ ಮುಂದೆ ಹೆಂಡತಿ ಹನುಮಮ್ಮ ಮುದ್ದೆ ಕಟ್ಟುತ್ತ ಕೇಳಿದ್ದಕ್ಕೆ ಉತ್ತರ ಕೊಟ್ಟರು. "ತಪ್ಪು ಹೇಳಿದ್ರೆ ಸಾರು ಬಡಿಸ್ತಿರ್ಲಿಲ್ಲ ಅವ್ಳು. ಕೊನೆಗೆ ಒಂದೊಂದ್ ತಿಂಗ್ಳನ್ನೂ ಒಂದೊಂದ್ ಮಳೆ ಮೇಲೆ ಕೂರಿಸ್ಕೊಂಡೆ. ಮಿರಗ ಅಂದ್ರೆ ಜೂನು, ಮಗೆ ಅಂದ್ರೆ ಆಗಸ್ಟು. ಮಳೆಗೆ ಅಧಿಕ ಇಲ್ಲ ನೋಡಿ, ಇಂಗ್ಲೀಷ್ ತಿಂಗ್ಳಿಗೂ ಇಲ್ಲ. ನಮ್ಮಪ್ಪಂದೇ ಸರಿಯಿತ್ತು."

ಈ ವರ್ಷ ಮತ್ತೆ ಅಧಿಕ ಮಾಸ. ಜ್ಯೇಷ್ಠ ಎರಡಾಗಿದೆ. ಕಲಿತ ಪಾಠಕ್ಕೆ ಇದೇ ಪರೀಕ್ಷೆ. ಓಬಳಮ್ಮನ ಬಾಗಿಲ ಮುಂದೆ ಅವರು "ಜೂನ್" ಎಂದು ಎರಡೆರಡು ಸಲ ಕೂಗುತ್ತಾರೆ. ಬಾಗಿಲು ತೆರೆಯುವುದಿಲ್ಲ.

ಸೋಮವಾರ ಬೆಳಿಗ್ಗೆ ಲಸಿಕೆಯ ಪೆಟ್ಟಿಗೆ ಜೀಪಿನಿಂದ ಇಳಿಯುವ ಮೊದಲೇ ದನಗಳ ಸಾಲು ಡೇರಿ ದಾಟಿ ರಸ್ತೆಗೆ ಬಂದಿದೆ. ಚಿಕ್ಕರಂಗಯ್ಯ ಸಾಲಿನುದ್ದಕ್ಕೂ ನಡೆದು ಒಂದೊಂದೇ ಮುಖ ನೋಡುತ್ತಾರೆ. ಕಟ್ಟಕಡೆಗೆ ಓಬಳಮ್ಮ ನಿಂತಿದ್ದಾರೆ, ಜೊತೆಗೊಂದು ಕೆಂದ ಬಣ್ಣದ ಕರು.

"ಇವತ್ತು ಜೂನೇ ತಾನೇನ್ಲಾ?"

"ಜೂನೇ ಕಣವ್ವ."

"ಮುಂದ್ಕೆ ಇನ್ನೊಂದು ಜೂನ್ ಬರಾಕಿಲ್ವಾ?"

"ಇಲ್ಲ ಕಣವ್ವ. ವರ್ಷಕ್ಕೆ ಒಂದೇ."

ಓಬಳಮ್ಮ ಹಗ್ಗವನ್ನು ಅವರತ್ತ ಚಾಚುತ್ತಾರೆ. "ಹಂಗಾದ್ರೆ ಹಿಡ್ಕೊ ಇದ್ನ. ಸೂಜಿ ಕಂಡ್ರೆ ಹಾಯ್ತದೆ."