ಗೇಟಿನಾಚೆಯ ಟೀ ಬೆಂಚು

ಹೋದ ವಾರ ನಮ್ಮ ಫ್ಯಾಕ್ಟರಿಯ ಟೀ-ಶರ್ಟುಗಳು ಒಂದೇ ಒಗೆತಕ್ಕೆ ಗಿಡ್ಡವಾದವು. ಒಂದೆರಡಲ್ಲ, ಇಡೀ ಆರ್ಡರು.

ತಮಿಳುನಾಡಿನ ಬನಿಯನ್ ಊರು ತಿರುಪ್ಪೂರಿನಲ್ಲಿ ಇದಕ್ಕಿಂತ ದೊಡ್ಡ ಗ್ರಹಚಾರ ಇನ್ನೇನಿದೆ? ಗಿರಾಕಿಗೂ ಫ್ಯಾಕ್ಟರಿಗೂ ನಡುವೆ ಓಡಾಡುವ ಮರ್ಚಂಡೈಸರ್ ಆದ ತಪ್ಪಿಗೆ ಪರದೇಶದ ಗಿರಾಕಿಯಿಂದ ಬೈಸಿಕೊಂಡವಳು ನಾನು. ಆದರೆ ಕೆಲಸಕ್ಕೇ ಕುತ್ತು ಬಂದದ್ದು ಕಟಿಂಗ್ ಮಾಸ್ಟರ್ ರಾಮಸ್ವಾಮಿಯಣ್ಣನಿಗೆ. ಪಕ್ಕದ ಅವಿನಾಶಿ ಊರಿನವರು. ಮನೆಯಲ್ಲಿ ಕನ್ನಡ, ಫ್ಯಾಕ್ಟರಿಯಲ್ಲಿ ತಮಿಳು. (ನನ್ನ ಮೈಸೂರು ಕನ್ನಡ ಕೇಳಿದರೆ ಅವರಿಗೆ ರೇಡಿಯೋ ಹಾಕಿದ ಹಾಗಾಗುತ್ತದಂತೆ.)

ಬಣ್ಣ ಹಾಕಿದ ನಿಟ್ ಬಟ್ಟೆಯನ್ನು, ಅಂದರೆ ಟೀ-ಶರ್ಟಿನ ಹೆಣೆದ ಬಟ್ಟೆಯನ್ನು, ಸ್ವಲ್ಪ ಕಾಲ ಹರವಿ ಸುಮ್ಮನೆ ಬಿಡಬೇಕು. ಮೆಷಿನ್ನಿನ ಎಳೆದಾಟದಲ್ಲಿ ಹಿಗ್ಗಿದ್ದು ತಾನಾಗಿ ಕುಗ್ಗಬೇಕು. ಆತುರಪಟ್ಟು ಕತ್ತರಿ ಹಾಕಿದರೆ ಕೆಟ್ಟಿತು. ಇದು ಅವರಿಗೆ ಗೊತ್ತಿಲ್ಲವೇ?

"ಬಟ್ಟೆ ಯಾಕೆ ಹರವಿಡಲಿಲ್ಲ ಅಣ್ಣಾ?"

"ಕಂಪ್ಯೂಟರಲ್ಲಿ ಬಟ್ಟೆ ಬಂದಿದೆ, ಕಟ್ ಮಾಡು ಅಂತ ಇತ್ತಮ್ಮಾ. ಬಣ್ಣ ಹಾಕೋರೇ ಹರವಿಟ್ಟು ಆಯ್ತೇನೋ ಅಂದ್ಕೊಂಡೆ. ಯಾರನ್ನ ಕೇಳ್ಲಿ?"

ಮೊದಲೆಲ್ಲ ಕೇಳಲು ಜಾಗವಿತ್ತು. ಗೇಟಿನಾಚೆ ಟೀ ಅಂಗಡಿಯ ಬೆಂಚು. ಅಲ್ಲಿ ಬಟ್ಟೆಗೆ ಬಣ್ಣ ಹಾಕಿಸುವ ಡೈಯಿಂಗ್ ಮಾಸ್ಟರ್ ಪಳನಿಸಾಮಿಯೂ ಇವರೂ ದಿನಾ ಕೂತು ಜಗಳವಾಡುತ್ತಿದ್ದರು. ಜಗಳದ ನಡುವೆಯೇ "ಇವತ್ತು ಬೇಡ, ನಾಳೆ ಕಟ್ ಮಾಡು" ಎಂಬ ಮಾತೂ ಬಂದು ಹೋಗುತ್ತಿತ್ತು.

ಹೊಸ ಸಾಫ್ಟ್‌ವೇರ್ ಬಂತು. ಇನ್ನು ಎಲ್ಲ ಸ್ಕ್ರೀನ್ ಮೇಲೇ ಇರುತ್ತೆ, ಟೀ ಕೂತಲ್ಲಿಗೇ ಬರುತ್ತೆ ಎಂದರು ಮುದಲಾಳಿ. (ಮಾಲೀಕರನ್ನು ಇಲ್ಲಿ ಹಾಗೇ ಕರೆಯುವುದು.) ಬೆಂಚು ಖಾಲಿಯಾಯಿತು. ಸಾಫ್ಟ್‌ವೇರ್ ಇಂಜಿನಿಯರು ಎರಡೂ ವಿಭಾಗಕ್ಕೆ ಹೋಗಿ, ನಿಮ್ಮ ಕೆಲಸವೇನು ಎಂದು ಬೇರೆಬೇರೆಯಾಗಿ ಕೇಳಿಕೊಂಡಿದ್ದರು. ನಿಮ್ಮಿಬ್ಬರ ನಡುವೆ ಏನು ನಡೆಯುತ್ತದೆ ಎಂದು ಯಾರೂ ಕೇಳಲಿಲ್ಲ. ಪಾಪ, ಅದು ಯಾವ ವಿಭಾಗಕ್ಕೂ ಸೇರಿರಲಿಲ್ಲ.

ಮುದಲಾಳಿಯ ರೂಮಿನಲ್ಲಿ ಪಂಚಾಯಿತಿ. ರಾಮಸ್ವಾಮಿ ನಾಳೆಯಿಂದ ಬರುವುದು ಬೇಡ ಎಂದಾಯಿತು. ಅಣ್ಣ ತಲೆ ತಗ್ಗಿಸಿ ನಿಂತಿದ್ದರು.

ಬಾಯಿ ಬಿಟ್ಟದ್ದು ಪಳನಿಸಾಮಿ. ತಮಿಳಿನಲ್ಲಿ, ಮೆಲ್ಲಗೆ ಹೇಳಿದರು: "ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಳಿಸೋದಾದರೆ ಇಬ್ಬರನ್ನೂ ಕಳಿಸಿ ಮುದಲಾಳಿ."

ಅಷ್ಟು ವರ್ಷ ಬೆಂಚಿನ ಮೇಲೆ ಜಗಳವಾಡಿದ ಮನುಷ್ಯ. ನನ್ನ ಕಣ್ಣು ತುಂಬಿತು. ಇಬ್ಬರೂ ಹೋಗಿ ಕೆಲಸ ನೋಡಿ ಎಂದರು ಮುದಲಾಳಿ.

ಈಗ ಇಬ್ಬರು ಮಾಸ್ಟರುಗಳೂ ಒಪ್ಪದೆ ಕಟಿಂಗ್ ಶುರು ಮಾಡಲು ಕಂಪ್ಯೂಟರ್ ಬಿಡುವುದಿಲ್ಲ. ಇಂಜಿನಿಯರು ಅದನ್ನು ಬರೆದುಕೊಂಡದ್ದು ಅದೇ ಬೆಂಚಿನ ಮೇಲೆ, ಇಬ್ಬರ ಜಗಳದ ನಡುವೆ ಕೂತು.

ಅಂದ ಹಾಗೆ, ನಿಮ್ಮ ಆಫೀಸಿನಲ್ಲಿ ಟೀಗೆ ಎದ್ದು ಹೋಗುತ್ತೀರೋ, ಕೂತಲ್ಲಿಗೇ ಬರುತ್ತದೋ?